ಬದುವಿನ ಸಿಲ್ವರ್ ಓಕ್ ಮರಗಳನ್ನು ಚೈನ್‌ಸಾದಿಂದ ತೋಟದಲ್ಲೇ ಕೊಯ್ದು ಮರದ ಕೋಣೆ ಕಟ್ಟುವ ಬಗ್ಗೆ, ಉಳಿದದ್ದು ಸೌದೆಗೆ

ಲಕ್ಷ್ಮಣತೀರ್ಥ ದಂಡೆ, ಹುಣಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಬದುವಿನಲ್ಲಿ ತಂದೆಯವರು ನೆಟ್ಟಿದ್ದ ಸಿಲ್ವರ್ ಓಕ್ ಮರಗಳು ಈಗ ಬುಡದಲ್ಲಿ ಹದಿಮೂರು ಹದಿನಾಲ್ಕು ಅಂಗುಲ ದಪ್ಪಕ್ಕೆ ಬಂದಿವೆ. ಪಕ್ಕದ ಬಾಳೆಗೆ ನೆರಳು ಹೆಚ್ಚಾಗುತ್ತಿರುವುದರಿಂದ ಏಳೆಂಟು ಮರಗಳನ್ನು ಈ ಬೇಸಿಗೆಯಲ್ಲಿ ಕಡಿಸಬೇಕೆಂದಿದ್ದೇವೆ. ಅವಲ್ಲದೆ ಗಾಳಿಗೆ ಬುಡಮೇಲಾದ ಒಂದು ಹಳೆಯ ಮಾವು, ಕಾಯಿ ಕಚ್ಚುವುದನ್ನು ನಿಲ್ಲಿಸಿರುವ ನಾಲ್ಕಾರು ತೆಂಗು ಮತ್ತು ಬೇಲಿಯಂಚಿನ ನೀಲಗಿರಿ ಇವೆ. ವ್ಯಾಪಾರಿಗಳು ಎಲ್ಲವನ್ನೂ ಒಟ್ಟು ಸೇರಿಸಿ ಟನ್ ಲೆಕ್ಕದಲ್ಲಿ ಸೌದೆಯ ಬೆಲೆಗೇ ಕೇಳುತ್ತಿದ್ದಾರೆ. ನೆಟ್ಟಗೆ ಬೆಳೆದ ಮರವನ್ನು ಒಲೆಗೆ ಹಾಕಲು ಮನಸ್ಸು ಬರುತ್ತಿಲ್ಲ.

ತೋಟದಲ್ಲಿ 12 ಅಡಿಗೆ 16 ಅಡಿಯ ಒಂದು ಮರದ ಕೋಣೆ, ಅದರ ಮುಂದೆ ಸಣ್ಣ ಜಗಲಿ, ಮೇಲೆ ಮಂಗಳೂರು ಹೆಂಚು ಎಂಬುದು ನಮ್ಮ ಯೋಜನೆ. ಕಂಬ, ತೊಲೆ, ಹಲಗೆ ಎಲ್ಲವನ್ನೂ ಇದೇ ಮರಗಳಿಂದ ತೆಗೆಯಬೇಕೆಂಬ ಆಸೆಯಿದೆ. ಕೊಂಬೆರೆಂಬೆಗಳು ಬಚ್ಚಲ ಒಲೆಗೂ ತಮ್ಮನ ಹೊಗೆಸೊಪ್ಪಿನ ಬ್ಯಾರನ್‌ಗೂ (ಎಲೆಯನ್ನು ಶಾಖದಲ್ಲಿ ಹದ ಮಾಡುವ ಮನೆ) ಆಗುತ್ತವೆ. ಮೈಸೂರಿನ ಅಂಗಡಿಯೊಂದರಲ್ಲಿ 58 ಸಿಸಿ, 22 ಅಂಗುಲ ಬಾರ್ (ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿ) ಇರುವ ಅಗ್ಗದ ಚೈನ್‌ಸಾ ತೋರಿಸಿ, ಅದಕ್ಕೆ ಅಲಾಸ್ಕನ್ ಮಿಲ್ ಎಂಬ ಚೌಕಟ್ಟನ್ನು ಜೋಡಿಸಿದರೆ ಹಲಗೆಯನ್ನೂ ಕೊಯ್ಯಬಹುದು ಎಂದರು. ಸೌದೆಗೂ ಹಲಗೆಗೂ ಒಂದೇ ಯಂತ್ರ ಸಾಕಾಗುತ್ತದೆಯೇ, ಅಥವಾ ದಿಮ್ಮಿಗಳನ್ನು ಸಾಮಿಲ್‌ಗೆ ಒಯ್ಯುವುದೇ ಮೇಲೇ ಎಂಬುದನ್ನು ಅನುಭವಸ್ಥರು ತಿಳಿಸಬೇಕು.

ರಿಪೇರಿ ಶೆಡ್, ಮದ್ದೂರು

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧವನ್ನಷ್ಟೇ ಹೇಳಿದ್ದಾರೆ. ಸೌದೆಯನ್ನು ತುಂಡರಿಸುವಾಗ ಚೈನು ಮರದ ನಾರಿಗೆ ಅಡ್ಡವಾಗಿ ಓಡುತ್ತದೆ. ಒಂದು ಕೊಯ್ತ ಅರ್ಧ ನಿಮಿಷದಲ್ಲಿ ಮುಗಿದು, ಮುಂದಿನ ತುಂಡಿಗೆ ಹೋಗುವಷ್ಟರಲ್ಲಿ ಎಂಜಿನ್ ಉಸಿರಾಡಿಕೊಳ್ಳುತ್ತದೆ. ಹಲಗೆ ಕೊಯ್ಯುವಾಗ ಹಾಗಲ್ಲ. ದಿಮ್ಮಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬಾರಿನ ಅಗಲದಷ್ಟು ಮರ ಒಳಗಿರುವಾಗ, ಎಂಜಿನ್ ಪೂರ್ಣ ವೇಗದಲ್ಲಿ ಹಲವು ನಿಮಿಷ ಬಿಡುವಿಲ್ಲದೆ ದುಡಿಯಬೇಕು. ಪಿಸ್ಟನ್ನು ಬಿಸಿಯೇರಿ ಸಿಲಿಂಡರ್‌ಗೆ ಉಜ್ಜಿ ಗೀರು ಬಿದ್ದ ಯಂತ್ರಗಳು ನಮ್ಮ ಶೆಡ್ಡಿಗೆ ಬರುವುದು ಹೆಚ್ಚಾಗಿ ಈ ಕೆಲಸದಿಂದಲೇ.

ಮನೆಯ ಸೌದೆಗೆ 40ರಿಂದ 50 ಸಿಸಿ ಎಂಜಿನ್, 16 ಅಥವಾ 18 ಅಂಗುಲದ ಬಾರ್ ಧಾರಾಳವಾಗಿ ಸಾಕು. 58 ಸಿಸಿಗೆ 22 ಅಂಗುಲದ ಬಾರ್ ಹಾಕಿ ಮಾರುವುದು ನೋಟಕ್ಕೆ ದೊಡ್ಡದಾಗಿ ಕಾಣಲಿ ಎಂಬ ಕಾರಣಕ್ಕೆ. ಅಷ್ಟು ಉದ್ದದ ಬಾರಿಗೆ ಪೂರ್ತಿ ಮರ ಸಿಕ್ಕಿದರೆ ಆ ಎಂಜಿನ್ ಏದುಸಿರು ಬಿಡುತ್ತದೆ. ನಿಮ್ಮ ದಿಮ್ಮಿಗಳು ಒಂದು ಅಡಿ ಆಸುಪಾಸಿನವು ಆದ್ದರಿಂದ 60ರಿಂದ 70 ಸಿಸಿಯ ಒಳ್ಳೆಯ ಯಂತ್ರದಲ್ಲಿ ನಿಧಾನವಾಗಿ ಕೊಯ್ಯಬಹುದು. ಎರಡು ಅಡಿ ಅಗಲದ ಮಾವಿನ ಬೊಡ್ಡೆಗೆ ಕೈ ಹಾಕುವುದಾದರೆ 90 ಸಿಸಿಗಿಂತ ಕೆಳಗೆ ಯೋಚಿಸಬೇಡಿ. ಚೌಕಟ್ಟನ್ನು ಹಿಡಿಕೆಗಳಿಂದ ಬಾರಿಗೆ ಬಿಗಿಯುವುದರಿಂದ ಮೂರು ನಾಲ್ಕು ಅಂಗುಲದಷ್ಟು ಬಾರ್ ಅದಕ್ಕೇ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬ್ಯಾರನ್ ಮನೆ, ಪಿರಿಯಾಪಟ್ಟಣ

ಸೌದೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ವರ್ಷದ ಲೆಕ್ಕಾಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಕಿಲೋ ಹದವಾದ ಹೊಗೆಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಆ ಸೌದೆ ಹಸಿಯಾಗಿದ್ದರೆ ಬ್ಯಾರನ್‌ನ ಶಾಖ ಏರುವ ಹೊತ್ತಿಗೆ ಏರುವುದಿಲ್ಲ, ಎಲೆಯ ಬಣ್ಣ ಕೆಡುತ್ತದೆ.

ಈಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ನೂರು ಕಿಲೋ ಹಸಿ ಸೌದೆಯಲ್ಲಿ 45 ಕಿಲೋ ನೀರಿದೆ ಎಂದುಕೊಂಡರೆ, ಉರಿಯುವ ಮರ 55 ಕಿಲೋ ಮಾತ್ರ. ಅದರ ಶಾಖದಲ್ಲೂ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಟನ್ ಲೆಕ್ಕದಲ್ಲಿ ಮಾರುವವನಿಗೆ ಹಸಿ ಸೌದೆ ಲಾಭ, ಉರಿಸುವವನಿಗೆ ಒಣ ಸೌದೆ ಲಾಭ. ಆದ್ದರಿಂದ ನೀವು ಮಾರುವುದಿದ್ದರೆ ಕಡಿದ ಕೂಡಲೇ ಮಾರಿ, ಉರಿಸುವುದಿದ್ದರೆ ಫೆಬ್ರುವರಿ ಒಳಗೆ ತುಂಡು ಮಾಡಿ ಸೀಳಿ ಒಟ್ಟಿ. ಸೀಳದೆ ದುಂಡಗೆ ಇಟ್ಟ ತುಂಡು ತೊಗಟೆಯೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಸೂರಿನ ಕಡೆ ಮೇ ತಿಂಗಳ ಮಳೆಯೇ ಜೋರಾಗಿರುವುದರಿಂದ ರಾಶಿಯ ಮೇಲ್ಭಾಗವನ್ನು ಮಾತ್ರ ತಗಡಿನಿಂದ ಮುಚ್ಚಿ, ಪಕ್ಕಗಳನ್ನು ಗಾಳಿಗೆ ಬಿಡಿ. ಟಾರ್ಪಾಲಿನಿಂದ ನೆಲದವರೆಗೆ ಸುತ್ತಿದರೆ ಒಳಗೆ ಅಣಬೆ ಏಳುತ್ತದೆ.

ಗಂಟುಗಂಟಾಗಿ ಹೆಣೆದುಕೊಂಡ ಮಾವಿನ ಕವಲನ್ನು ಕೊಡಲಿಯಿಂದ ಸೀಳುವ ಸಾಹಸ ಬೇಡ. ತುಂಡನ್ನು ಮಗ್ಗುಲಿಗೆ ಮಲಗಿಸಿ, ಬಾರನ್ನು ನಾರಿನ ದಿಕ್ಕಿಗೇ ಹಿಡಿದು ಕೊಯ್ಯಿರಿ. ಹೊಟ್ಟಿನ ಬದಲು ಶ್ಯಾವಿಗೆಯಂತಹ ಉದ್ದುದ್ದ ಎಳೆಗಳು ಬರುತ್ತವೆ. ಅವು ಚೈನಿನ ಮುಚ್ಚಳದೊಳಗೆ ತುಂಬಿಕೊಳ್ಳುವುದರಿಂದ ನಡುನಡುವೆ ಯಂತ್ರ ನಿಲ್ಲಿಸಿ ತೆಗೆಯಬೇಕು. ಆ ಎಳೆಗಳು ಒಲೆ ಹೊತ್ತಿಸುವುದಕ್ಕೆ ಬಹಳ ಚೆನ್ನಾಗಿವೆ.

ನೀಲಗಿರಿಯನ್ನು ಪೂರ್ತಿ ಸೌದೆಗೇ ಬಿಡಿ. ಹಲಗೆಯ ವಿಷಯವನ್ನು ಆಚಾರಿಗಳು ಯಾರಾದರೂ ಹೇಳಲಿ.

ನಿವೃತ್ತ ವನಪಾಲಕ, ಮೈಸೂರು

ಯಂತ್ರ ಕೊಳ್ಳುವ ಮೊದಲು ಕಾಗದದ ಕೆಲಸ ಮುಗಿಸಿಕೊಳ್ಳಿ. ನಮ್ಮ ರಾಜ್ಯದಲ್ಲಿ ಖಾಸಗಿ ಜಮೀನಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು, ಸುಬಾಬುಲ್, ರಬ್ಬರ್ ಮುಂತಾದವುಗಳಿಗೆ ಆ ಅನುಮತಿಯಿಂದ ವಿನಾಯಿತಿ ಇದೆ. ವಿನಾಯಿತಿಯ ಪಟ್ಟಿ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿರುವುದರಿಂದ, ಮಾವಿಗೆ ಕೈ ಹಾಕುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಬಿಡಿ. ಬದುವಿನಲ್ಲಿ ಒಂದೆರಡು ತೇಗವೋ ಬೀಟೆಯೋ ತಾನಾಗಿ ಬೆಳೆದ ಶ್ರೀಗಂಧವೋ ಇದ್ದರೆ ಅದರ ನಿಯಮವೇ ಬೇರೆ. ಜಮೀನು ನಾಗರಹೊಳೆಯ ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂಬುದನ್ನೂ ಅಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಎರಡನೆಯದಾಗಿ, ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ನಂತರ ಸಾಮಿಲ್‌ಗಳ ಮೇಲಿನ ನಿಗಾ ಬಹಳ ಬಿಗಿಯಾಗಿದೆ. ಪರವಾನಗಿಯಿಲ್ಲದೆ ಸಾಮಿಲ್ ನಡೆಸುವುದು ಅಪರಾಧ. ನಿಮ್ಮ ಮರವನ್ನು ನಿಮ್ಮ ಜಮೀನಿನಲ್ಲಿ ನಿಮ್ಮ ಮನೆಗಾಗಿ ಕೊಯ್ದುಕೊಳ್ಳುವ ಉದ್ದೇಶವನ್ನು ಅರ್ಜಿಯಲ್ಲೇ ಬರೆದು, ಪಹಣಿ ಲಗತ್ತಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನೆರೆಯವರ ದಿಮ್ಮಿಗಳನ್ನು ಕೂಲಿಗೆ ಕೊಯ್ದುಕೊಡಲು ಮಾತ್ರ ಹೋಗಬೇಡಿ.

ಕಡಿಯುವಾಗಿನ ಎಚ್ಚರದ ಬಗ್ಗೆಯೂ ಒಂದು ಮಾತು ಹೇಳಬೇಕು. ಬೀಳಬೇಕಾದ ದಿಕ್ಕಿಗೆ ಮರದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದರಷ್ಟು ಆಳಕ್ಕೆ ಬಾಯಿ ತೆಗೆದು, ಹಿಂದಿನಿಂದ ಕೊಯ್ಯುತ್ತ ಬರುವಾಗ ದಪ್ಪದ ಹತ್ತನೇ ಒಂದು ಭಾಗವನ್ನು ಕತ್ತರಿಸದೆ ಉಳಿಸಬೇಕು. ಆ ಉಳಿದ ಪಟ್ಟಿಯೇ ಬಾಗಿಲಿನ ಕೀಲಿನಂತೆ ಮಡಿಚಿಕೊಂಡು ಮರವನ್ನು ದಿಕ್ಕಿಗೆ ಇಳಿಸುತ್ತದೆ. ಆತುರದಲ್ಲಿ ಅದನ್ನೂ ಕೊಯ್ದರೆ ಮರ ಯಾವ ಕಡೆ ತಿರುಗುತ್ತದೆ ಎಂದು ಹೇಳಲಾಗುವುದಿಲ್ಲ. ವಾಲಿ ನಿಂತ ನೀಲಗಿರಿ ಕೊಯ್ತದ ನಡುವೆಯೇ ಉದ್ದಕ್ಕೆ ಸೀಳಿಕೊಂಡು ಕೊಯ್ಯುವವನ ಎದೆಗೆ ಹಿಂದಕ್ಕೆ ಬರುವುದುಂಟು, ಅಂಥ ಮರವನ್ನು ಕಸುಬು ತಿಳಿದವರಿಗೇ ಬಿಡಿ. ಕಡಿಯುವ ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಪಂಪ್‌ಸೆಟ್ಟಿನ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಯಾದ ಸೆಸ್ಕ್‌ನವರಿಗೆ ತಿಳಿಸಿ ವಿದ್ಯುತ್ ನಿಲ್ಲಿಸಿಕೊಂಡೇ ಕಡಿಯಿರಿ.

ಗಂಜಾಂ ಇಂಜಿನಿಯರ್, ಶ್ರೀರಂಗಪಟ್ಟಣ

ಹಿರಿಯರು ಹೇಳಿದ ಕಾನೂನಿನ ಮಾತಿಗೆ ನನ್ನದೂ ಸಹಮತವಿದೆ. ಆದರೆ ಎಲ್ಲರೂ ಅಲಾಸ್ಕನ್ ಮಿಲ್ ಎಂದರೆ ಆಟದ ಸಾಮಾನು ಎಂಬಂತೆ ಮಾತನಾಡುತ್ತಿರುವುದು ಸರಿಯಲ್ಲ. ಅಮೆರಿಕ, ಕೆನಡಾದ ಕಾಡಂಚಿನಲ್ಲಿ ಜನರು ಇದರಿಂದಲೇ ಮರದ ಮನೆಗಳಿಗೆ ಬೇಕಾದ ತೊಲೆ, ಹಲಗೆಗಳನ್ನು ಕೊಯ್ದುಕೊಳ್ಳುತ್ತಾರೆ. ಇದರ ಮುಖ್ಯ ಲಾಭವೆಂದರೆ ದಿಮ್ಮಿಯನ್ನು ಸಾಗಿಸಬೇಕಾಗಿಲ್ಲ. ಬುಡದಲ್ಲಿ 13 ಅಂಗುಲ, ತುದಿಯಲ್ಲಿ 10 ಅಂಗುಲ ಇರುವ 12 ಅಡಿಯ ಹಸಿ ದಿಮ್ಮಿ ಇನ್ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಅದರಿಂದ 7 ಅಂಗುಲ ಚೌಕದ ತೊಲೆ ತೆಗೆದರೆ ತೂಕ ಅರ್ಧಕ್ಕೆ ಇಳಿಯುತ್ತದೆ, ನಾಲ್ವರು ಹಗ್ಗ ಕಟ್ಟಿ ಹೊರಬಹುದು. ಗದ್ದೆ, ಕಾಲುವೆಗಳ ನಡುವಿನ ತೋಟಕ್ಕೆ ಲಾರಿ ಎಲ್ಲಿಂದ ಬರಬೇಕು?

ನಂಜನಗೂಡು ಆಚಾರಿ

ಇಂಜಿನಿಯರ್ ಸಾಹೇಬರ ಮಾತಿನಲ್ಲಿ ತೊಲೆಯ ಭಾಗವನ್ನು ಒಪ್ಪುತ್ತೇನೆ, ಹಲಗೆಯ ಭಾಗವನ್ನು ಒಪ್ಪುವುದಿಲ್ಲ. ಕಾರಣ ಬಹಳ ಸರಳವಾದ ಲೆಕ್ಕ.

ದುಂಡು ದಿಮ್ಮಿಯಿಂದ ಚೌಕ ತೆಗೆದಾಗ ಚೌಕದ ಪಕ್ಕವು ದಿಮ್ಮಿಯ ಸಣ್ಣ ತುದಿಯ ಅಡ್ಡಳತೆಯ ಹತ್ತರಲ್ಲಿ ಏಳು ಪಾಲಿನಷ್ಟಿರುತ್ತದೆ. ಸಣ್ಣ ತುದಿ 12 ಅಂಗುಲವಿದ್ದರೆ ಎಂಟೂವರೆ ಅಂಗುಲದ ಚೌಕ ಸಿಗುತ್ತದೆ. ಚೈನ್‌ಸಾದ ಒಂದು ಕೊಯ್ತ ಸುಮಾರು 9 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ಸಾಮಿಲ್‌ನ ಬ್ಯಾಂಡ್‌ಸಾ ಪಟ್ಟಿ ಎರಡೋ ಮೂರೋ ಮಿಲಿಮೀಟರ್ ಮಾತ್ರ. ಆ ಎಂಟೂವರೆ ಅಂಗುಲದ ಚೌಕದಿಂದ ಒಂದು ಅಂಗುಲದ ಹಲಗೆಗಳನ್ನು ತೆಗೆದರೆ ಸಾಮಿಲ್‌ನಲ್ಲಿ ಏಳು ಬರುತ್ತವೆ, ಚೈನ್‌ಸಾದಲ್ಲಿ ಆರು. ಎರಡು ಅಂಗುಲದವಾದರೆ ನಾಲ್ಕಕ್ಕೆ ಮೂರು. ಇಷ್ಟೇ ಆಗಿದ್ದರೆ ಸಾಗಣೆಯ ಖರ್ಚಿಗೆ ಸಮ ಎನ್ನಬಹುದಿತ್ತು. ಚೈನ್‌ಸಾ ಹಲಗೆಯ ಮೈ ಅಲೆಅಲೆಯಾಗಿರುವುದರಿಂದ ಎರಡೂ ಕಡೆ ಹೆಚ್ಚು ಹತ್ತರಿ ಹೊಡೆಯಬೇಕು, ಅಲ್ಲಿ ಇನ್ನಷ್ಟು ಮರ ಹೋಗುತ್ತದೆ. ಗೋಡೆಗೆ ಬೇಕಾದ ಹಲಗೆಯ ಸಂಖ್ಯೆ ನೂರರ ಹತ್ತಿರ ಬರುತ್ತದೆ. ಅಷ್ಟನ್ನೂ ಬಗ್ಗಿ ನಿಂತು ಹೊಗೆ ಕುಡಿಯುತ್ತ ಕೊಯ್ಯುವುದು ಯಾರ ಸೊಂಟಕ್ಕೂ ಒಳ್ಳೆಯದಲ್ಲ.

ತೊಲೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಾಲ್ಕೇ ಕೊಯ್ತಗಳು, ಹೊಟ್ಟಾಗುವುದು ಹೇಗಿದ್ದರೂ ಎಸೆಯುವ ಪಕ್ಕದ ಮರ. ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ: ಕಂಬ, ತೊಲೆ, ತೀರುಗಳನ್ನು ತೋಟದಲ್ಲೇ ಕೊಯ್ಯಿರಿ. ಹಲಗೆ ಮತ್ತು ರೀಪಿಗೆ ಬೇಕಾದಷ್ಟು ಒಳ್ಳೆಯ ದಿಮ್ಮಿಗಳನ್ನು ಆರಿಸಿ ಪರವಾನಗಿ ಇರುವ ಸಾಮಿಲ್‌ಗೆ ಒಯ್ಯಿರಿ. ಪೂರ್ತಿ ದಿಮ್ಮಿ ಭಾರವಾದರೆ ತೋಟದಲ್ಲಿ ಚೌಕ ಮಾಡಿಕೊಂಡು, ಚೌಕವನ್ನು ಮಾತ್ರ ಒಯ್ಯಿರಿ.

ಮರದ ಗುಣವನ್ನೂ ನೋಡಬೇಕು. ಸಿಲ್ವರ್ ಓಕ್ ಒಳಾಂಗಣಕ್ಕೆ ಚೆಂದದ ಮರ, ತಿರುಳಿನಿಂದ ಹೊರಕ್ಕೆ ನೇರವಾಗಿ ಕೊಯ್ದ ಹಲಗೆಯಲ್ಲಿ ಜಾಲರಿಯಂತಹ ಹೊಳೆಯುವ ಗೆರೆಗಳು ಕಾಣುತ್ತವೆ. ಆದರೆ ಮಣ್ಣಿಗೆ ತಗುಲಿದರೆ ಬಾಳುವುದಿಲ್ಲ, ಅದರ ಬಿಳಿಭಾಗಕ್ಕೆ ಕೊರಕ ಹುಳು ಬೇಗ ಬೀಳುತ್ತದೆ. ಹೊಟ್ಟು ಮೈಗೆ ತಾಗಿದರೆ ಕೆಲವರಿಗೆ ಕಜ್ಜಿಯೇಳುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ನೀಲಗಿರಿ ಬೆಳೆಯುವಾಗಲೇ ಒಳಗೆ ಬಿಗಿತವನ್ನು ಕಟ್ಟಿಕೊಂಡಿರುತ್ತದೆ. ಕೊಯ್ಯುತ್ತಿದ್ದಂತೆ ಹಲಗೆ ಬಿಲ್ಲಾಗಿ ಬಾಗುತ್ತದೆ, ತುದಿ ಸೀಳುತ್ತದೆ. ಬ್ಯಾರನ್‌ನವರು ಹೇಳಿದಂತೆ ಅದು ಸೌದೆಗೆ ಅಥವಾ ದುಂಡು ಕಂಬಕ್ಕೆ ಮಾತ್ರ.

ತೊಣ್ಣೂರು ಕೆರೆ, ಪಾಂಡವಪುರ

ಆಚಾರಿಗಳು ತೆಂಗನ್ನು ಬಿಟ್ಟುಬಿಟ್ಟಿರಿ! ನಮ್ಮ ದನದ ಕೊಟ್ಟಿಗೆಯ ತೀರುಗಳೆಲ್ಲ ಹಳೆಯ ತೆಂಗಿನವೇ. ತೆಂಗಿನ ಕಾಂಡದಲ್ಲಿ ಬಲವಿರುವುದು ಹೊರಗಿನ ಸುತ್ತಿನಲ್ಲಿ, ನಡುಭಾಗ ಬೆಂಡಿನಂತೆ ಮೆತ್ತಗಿರುತ್ತದೆ. ಆದ್ದರಿಂದ ಅದನ್ನು ಚೌಕ ಮಾಡುವ ಬದಲು ನಾಲ್ಕಾಗಿ ಸೀಳಿ, ಒಳಗಿನ ಮೆತ್ತನೆಯದನ್ನು ಕೆತ್ತಿ ತೆಗೆದು ತೀರಿಗೆ ಬಳಸಬೇಕು. ಮರ ವಯಸ್ಸಾದದ್ದಿರಬೇಕು, ಎಳೆಯ ಮರಕ್ಕೆ ಕಸುವಿಲ್ಲ. ಬುಡದ ಭಾಗವೇ ಹೆಚ್ಚು ಗಟ್ಟಿ. ಚೈನಿನ ಹಲ್ಲು ಮಾತ್ರ ಬಹಳ ಬೇಗ ಮೊಂಡಾಗುತ್ತದೆ ಎಂದು ಕೊಯ್ಯುವವರು ಗೊಣಗುತ್ತಾರೆ, ಅದು ನಿಜವೂ ಹೌದು.

ಇನ್ನೊಂದು ವಿಷಯ. ತೆಂಗಿಗೂ ಮಾವಿಗೂ ನಾವೇ ಹೊಡೆದು ಮರೆತ ಮೊಳೆಗಳಿರುತ್ತವೆ: ಬಟ್ಟೆ ಒಣಗಿಸುವ ತಂತಿ, ಬೇಲಿಯ ಮುಳ್ಳುತಂತಿ, ಎಲೆಕ್ಷನ್ ಫಲಕ. ಮಾವಿನ ತೊಗಟೆ ಅವುಗಳನ್ನು ನುಂಗಿ ಮುಚ್ಚಿಕೊಂಡಿರುತ್ತದೆ. ಕೊಯ್ದ ತುದಿಯಲ್ಲಿ ನೀಲಿ-ಕಪ್ಪು ಕಲೆ ಕಂಡರೆ ಅಲ್ಲಿ ಹತ್ತಿರದಲ್ಲಿ ಕಬ್ಬಿಣವಿದೆ ಎಂದು ತಿಳಿಯಿರಿ. ಆ ಭಾಗವನ್ನು ಸೌದೆಗೆ ಬಿಡುವುದೇ ಮೇಲು, ಸಾಮಿಲ್‌ನವರೂ ಅಂತಹ ದಿಮ್ಮಿಯನ್ನು ಮುಟ್ಟುವುದಿಲ್ಲ.

ಕೊನೆಯದಾಗಿ, ದಿನಗೂಲಿಗೆ ಯಂತ್ರ ತರುವ ಹುಡುಗರು ಚಪ್ಪಲಿ, ಲುಂಗಿಯಲ್ಲೇ ಕೆಲಸಕ್ಕೆ ನಿಲ್ಲುತ್ತಾರೆ. ಮರ ನಮ್ಮದಾದ ಮೇಲೆ ಅವರ ಕಾಲಿನ ಜವಾಬ್ದಾರಿಯೂ ನಮ್ಮದೇ. ಕಾಲುಕವಚ, ಹೆಲ್ಮೆಟ್, ಕಿವಿಗೆ ಮುಚ್ಚಳ ಇಷ್ಟನ್ನು ನೀವೇ ಕೊಂಡು ಅವರಿಗೆ ಹಾಕಿಸಿ ಅಣ್ಣ. ಕಾಲುಕವಚದೊಳಗಿನ ಉದ್ದನೆಯ ನೂಲುಗಳು ಚೈನಿಗೆ ಸುತ್ತಿಕೊಂಡು ಅದನ್ನು ಕ್ಷಣದಲ್ಲಿ ನಿಲ್ಲಿಸಿಬಿಡುತ್ತವೆ. ದಪ್ಪ ಜೀನ್ಸ್ ಪ್ಯಾಂಟ್ ಆ ಕೆಲಸ ಮಾಡುವುದಿಲ್ಲ.

ಲಕ್ಷ್ಮಣತೀರ್ಥ ದಂಡೆ, ಹುಣಸೂರು

ಎಲ್ಲರ ವಿವರಗಳಿಗೂ ಕೃತಜ್ಞತೆಗಳು. ನಮ್ಮ ಸಿಲ್ವರ್ ಓಕ್‌ಗಳಲ್ಲಿ ಅರ್ಧದಷ್ಟು ಕಾಲುವೆಯ ಆಚೆ ಬದಿಯಲ್ಲಿರುವುದರಿಂದ ಟ್ರ್ಯಾಕ್ಟರ್ ಹೋಗುವುದಿಲ್ಲ. ಅವನ್ನು ಅಲ್ಲೇ ಚೌಕ ಮಾಡಿಸಿ, ಈಚೆಯವನ್ನು ಹಲಗೆಗಾಗಿ ಸಾಮಿಲ್‌ಗೆ ಕಳುಹಿಸುವುದು ಸೂಕ್ತವೆಂದು ಕಾಣುತ್ತದೆ. ಹಾಗಾದರೆ ತೊಲೆಗಷ್ಟೇ ಮಿಲ್ ಚೌಕಟ್ಟು ಬೇಕೇ, ಅಥವಾ ದಾರ ಹೊಡೆದು ಕೈಯಲ್ಲೇ ಹಿಡಿದು ಕೊಯ್ಯಿಸಬಹುದೇ? ಹಾಗೆಯೇ ನಮ್ಮೂರಿನಲ್ಲಿ ಬಾರಿಗೆ ಟ್ರ್ಯಾಕ್ಟರಿನ ಹಳೆ ಆಯಿಲ್ ಹಾಕುತ್ತಾರೆ, ಅದರಿಂದ ತೊಂದರೆಯಿದೆಯೇ?

ರಿಪೇರಿ ಶೆಡ್, ಮದ್ದೂರು

ಹಳೆ ಆಯಿಲ್ ಬೇಡವೇ ಬೇಡ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ ಇರುತ್ತದೆ, ಆಯಿಲ್ ಪಂಪು ಮತ್ತು ಬಾರಿನಲ್ಲಿ ಚೈನು ಓಡುವ ಗಾಡಿ ಎರಡನ್ನೂ ತಿನ್ನುತ್ತದೆ. ಮೇಲಾಗಿ ಬಾರಿಗೆ ಹಾಕಿದ ಎಣ್ಣೆಯೆಲ್ಲ ಕೊನೆಗೆ ನಿಮ್ಮ ಮಣ್ಣಿಗೆ, ನಿಮ್ಮ ಮೈಗೆ ಸಿಡಿಯುತ್ತದೆ, ಸುಟ್ಟ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ಚೈನ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ. ಯುರೋಪಿನಲ್ಲಿ ಸಾಸಿವೆ ಜಾತಿಯ ಎಣ್ಣೆಯಿಂದ ತಯಾರಿಸಿದ ಚೈನ್ ಆಯಿಲ್ ಬಳಸುವುದುಂಟು. ಇಲ್ಲಿ ಕೆಲವರು ಹೊಂಗೆ ಎಣ್ಣೆ ಹಾಕುತ್ತಾರೆ, ಆದರೆ ಸಸ್ಯದ ಎಣ್ಣೆ ಬಹಳ ದಿನ ನಿಂತರೆ ಅಂಟಾಗುವುದರಿಂದ ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಬಿಡಬಾರದು.

ಪೆಟ್ರೋಲಿಗೆ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಅಂದರೆ 50ಕ್ಕೆ 1. ಅಗ್ಗದ ಯಂತ್ರಗಳ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ ಅದನ್ನೇ ಪಾಲಿಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ನೂರರಲ್ಲಿ 20 ಭಾಗದವರೆಗೆ ಇರುವುದರಿಂದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಯಂತ್ರವನ್ನು ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಮಳೆಗಾಲದ ನಂತರ ಸ್ಟಾರ್ಟ್ ಆಗುತ್ತಿಲ್ಲ ಎಂದು ಬರುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಕಟ್ಟಿಕೊಂಡಿರುವುದೇ ಕಾಯಿಲೆ.

ಚೈನಿನ ಬಗ್ಗೆ: ಸಾಮಾನ್ಯ ಚೈನಿನ ಹಲ್ಲಿಗೆ 30 ಡಿಗ್ರಿ ಓರೆಯಲ್ಲಿ ಅರ ಹಾಕಿರುತ್ತಾರೆ. ಉದ್ದಕೊಯ್ತಕ್ಕೆ 10 ಡಿಗ್ರಿ ಸಾಕು, ಮೈ ನುಣುಪಾಗಿ ಬರುತ್ತದೆ. ರಿಪ್ಪಿಂಗ್ ಚೈನ್ ಎಂದು ಪ್ರತ್ಯೇಕವಾಗಿ ಸಿಗುತ್ತದೆ, ಸಿಗದಿದ್ದರೆ ಸಾಮಾನ್ಯ ಚೈನನ್ನೇ ಪ್ರತಿ ಸಾಣೆಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ 10 ಡಿಗ್ರಿಗೆ ತಂದುಕೊಳ್ಳಬಹುದು. ಎಡ ಬಲದ ಹಲ್ಲುಗಳ ಉದ್ದ ಒಂದೇ ಇರಬೇಕು. ಒಂದು ಕಡೆಯವು ಗಿಡ್ಡವಾದರೆ ಬಾರ್ ಒಂದು ಪಕ್ಕಕ್ಕೆ ಎಳೆಯುತ್ತ ಹೋಗಿ ತೊಲೆ ಸೊಟ್ಟಗಾಗುತ್ತದೆ. ಪ್ರತಿ ಟ್ಯಾಂಕ್ ಪೆಟ್ರೋಲಿಗೊಮ್ಮೆ ಅರ ಆಡಿಸಿ. ಹಲ್ಲು ಚೂಪಾಗಿದ್ದರೆ ತರಿತರಿಯಾದ ಹೊಟ್ಟು ಬರುತ್ತದೆ, ಹಿಟ್ಟಿನಂತಹ ಧೂಳು ಬರಲಾರಂಭಿಸಿದರೆ ಒತ್ತಿ ಕೊಯ್ಯಬೇಡಿ, ನಿಲ್ಲಿಸಿ. ಸೌದೆಯ ಚೈನು ಬೇರೆ, ತೊಲೆಯ ಚೈನು ಬೇರೆ ಇರಲಿ. ನೆಲಕ್ಕೆ ಒಮ್ಮೆ ತಾಗಿದ ಚೈನು ಮತ್ತೆ ಸಾಣೆ ಹಿಡಿಯುವವರೆಗೆ ಮಿಲ್ ಕೆಲಸಕ್ಕೆ ಬರುವುದಿಲ್ಲ.

ಗಂಜಾಂ ಇಂಜಿನಿಯರ್, ಶ್ರೀರಂಗಪಟ್ಟಣ

ಹಲಗೆಯ ಲೆಕ್ಕದಲ್ಲಿ ಆಚಾರಿಗಳ ಮಾತನ್ನು ಅಲ್ಲಗಳೆಯಲಾರೆ. ನಾನು ಹಲಗೆ ಕೊಯ್ದದ್ದು ಒಂದು ಮೇಜಿನ ಮಟ್ಟಿಗೆ, ಮನೆಯ ಮಟ್ಟಿಗೆ ಅಲ್ಲ.

ಕೈಯಲ್ಲೇ ಹಿಡಿದು ಕೊಯ್ಯುವವರಲ್ಲಿ ನಿಪುಣರಿದ್ದಾರೆ, ಆದರೂ 12 ಅಡಿಯ ತೊಲೆಯಲ್ಲಿ ಅರ್ಧ ಅಂಗುಲದ ಏರಿಳಿತ ಸಾಮಾನ್ಯ. ಚೌಕಟ್ಟಿನಲ್ಲಿ ಅದು ಬರುವುದಿಲ್ಲ. ಮೊದಲ ಕೊಯ್ತವೇ ಎಲ್ಲಕ್ಕಿಂತ ಮುಖ್ಯ. ದಿಮ್ಮಿಯನ್ನು ಎರಡು ಅಡ್ಡದಿಮ್ಮಿಗಳ ಮೇಲೆ, ಕೊಯ್ತ ಸಾಗುವ ಕಡೆ ತುಸು ಇಳಿಜಾರಾಗುವಂತೆ ಇಟ್ಟು ಬೆಣೆ ಕೊಟ್ಟು ಅಲುಗದಂತೆ ಮಾಡಿ. ದಿಮ್ಮಿಯ ಬೆನ್ನಿಗೆ ನೆಟ್ಟಗಿರುವ ಅಲ್ಯೂಮಿನಿಯಂ ಏಣಿಯನ್ನೋ ದಪ್ಪ ಹಲಗೆಯನ್ನೋ ಬಿಗಿಯಿರಿ. ಎರಡೂ ತುದಿಯಲ್ಲಿ ರಸಮಟ್ಟ ಇಟ್ಟು ಅದು ತಿರುಚಿಲ್ಲ ಎಂಬುದನ್ನು ನೋಡಿಕೊಳ್ಳಿ. ಚೌಕಟ್ಟು ಆ ಏಣಿಯ ಮೇಲೆ ಜಾರುತ್ತದೆ, ಬಾರ್ ಅದರ ಕೆಳಗೆ ಸಮನಾದ ಆಳದಲ್ಲಿ ಸಾಗುತ್ತದೆ. ಏಣಿ ಬಿಗಿದ ಮೊಳೆ ಅಥವಾ ಸ್ಕ್ರೂಗಳು ಬಾರ್ ಸಾಗುವ ಮಟ್ಟಕ್ಕೆ ಇಳಿದಿರಬಾರದು, ಇದನ್ನು ಅಳೆದೇ ನೋಡಿ. ಬಾರ್ ಒಂದೆರಡು ಅಡಿ ಮುಂದೆ ಹೋದ ಮೇಲೆ ಹಿಂದೆ ತೆರೆದ ಸೀಳಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಬೆಣೆ ಸಿಕ್ಕಿಸುತ್ತ ಹೋಗಿ, ಇಲ್ಲದಿದ್ದರೆ ಮೇಲಿನ ಪಕ್ಕೆ ಕುಸಿದು ಬಾರನ್ನು ಹಿಡಿಯುತ್ತದೆ. ಕಬ್ಬಿಣದ ಬೆಣೆ ಮಾತ್ರ ಬೇಡ.

ಒಂದು ಮೈ ಸಮವಾದ ನಂತರ ದಿಮ್ಮಿಯನ್ನು ಕಾಲುಸುತ್ತು ಹೊರಳಿಸಿ, ಆ ಮೈಗೆ ಮೂಲೆಮಟ್ಟ ಹಿಡಿದು ಏಣಿಯನ್ನು ಮತ್ತೆ ಕಟ್ಟಿ. ಎರಡು ಮೈ ಮುಗಿದರೆ ಮಿಕ್ಕ ಎರಡಕ್ಕೆ ಏಣಿ ಬೇಕಾಗುವುದಿಲ್ಲ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ನಿಂತರೆ ಹೊಗೆ ಮುಖಕ್ಕೆ ಬರುವುದಿಲ್ಲ. ಕೊಯ್ತ ಮುಗಿದ ತಕ್ಷಣ ಎಂಜಿನ್ ಆರಿಸದೆ ಒಂದು ನಿಮಿಷ ನಿಧಾನವಾಗಿ ಓಡಲು ಬಿಟ್ಟು ತಣಿಸಿ. ಸೈಲೆನ್ಸರ್ ಕೆಂಪಗೆ ಕಾದಿರುವಾಗ ಒಣ ಹುಲ್ಲಿನ ಮೇಲೋ ಕಬ್ಬಿನ ತರಗಿನ ಮೇಲೋ ಇಟ್ಟರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ನಂಜನಗೂಡು ಆಚಾರಿ

ಕೊಯ್ತದಷ್ಟೇ ಒಣಗಿಸುವುದೂ ಮುಖ್ಯ. ತೊಲೆಯಲ್ಲಿ ಮರದ ತಿರುಳು ಸರಿಯಾಗಿ ನಡುವಿನಲ್ಲಿ ಬರುವಂತೆ ಚೌಕ ಗುರುತು ಮಾಡಿ. ತಿರುಳು ಒಂದು ಪಕ್ಕಕ್ಕೆ ಸರಿದರೆ ಒಣಗುವಾಗ ತೊಲೆ ಆ ಕಡೆಗೆ ಬಾಗುತ್ತದೆ. ನಡುವಿನಲ್ಲಿದ್ದರೂ ಮೈಮೇಲೆ ಉದ್ದುದ್ದ ಬಿರುಕುಗಳು ಬರುತ್ತವೆ, ಅದಕ್ಕೆ ಗಾಬರಿಯಾಗಬೇಡಿ. ಹಲಗೆಯಲ್ಲಿ ಮಾತ್ರ ತಿರುಳು ಇರಬಾರದು. ಕೊಯ್ದ ದಿನವೇ ಎರಡೂ ತುದಿಗಳಿಗೆ ಹಳೆಯ ಬಣ್ಣವನ್ನೋ ಮೇಣವನ್ನೋ ಬಳಿಯಿರಿ, ಏಕೆಂದರೆ ತುದಿಯಿಂದಲೇ ನೀರು ಬೇಗ ಹೋಗಿ ಸೀಳು ಬಿಡುತ್ತದೆ.

ಹಲಗೆಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ನೆರಳಿನಲ್ಲಿ ಒಟ್ಟಿ. ಪದರಗಳ ನಡುವೆ ಒಂದು ಅಂಗುಲದ ಒಣ ರೀಪುಗಳನ್ನು ಒಂದೂವರೆ ಎರಡು ಅಡಿಗೊಂದರಂತೆ, ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿಗೆ ಬರುವಂತೆ ಇಡಿ. ರಾಶಿಯ ಮೇಲೆ ಕಲ್ಲು ಚಪ್ಪಡಿ ಹೇರಿ. ಒಂದು ಅಂಗುಲದ ಹಲಗೆ ನಮ್ಮ ಹವೆಯಲ್ಲಿ ಒಂದು ಬೇಸಿಗೆ ಪೂರ್ತಿ ಕಳೆದರೆ ಕೆಲಸಕ್ಕೆ ಬರುತ್ತದೆ. ಏಳು ಅಂಗುಲದ ತೊಲೆ ಒಳಗಿನವರೆಗೆ ಒಣಗುವುದಕ್ಕೆ ವರ್ಷಗಳೇ ಬೇಕು, ಅದಕ್ಕಾಗಿ ಕಾಯುತ್ತ ಕೂರುವವರು ಯಾರೂ ಇಲ್ಲ. ತೊಲೆಯನ್ನು ಅರೆಹಸಿಯಾಗಿರುವಾಗಲೇ ಸೇರಿಸಿ ನಿಲ್ಲಿಸಬಹುದು, ಹಲಗೆಯನ್ನು ಮಾತ್ರ ಒಣಗಿದ ಮೇಲೆಯೇ ಹೊಡೆಯಬೇಕು.

ಹುಳುವಿಗೆ ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಸೇರಿಸಿ, ನೂರು ಲೀಟರ್ ನೀರಿಗೆ ಐದು ಕಿಲೋದಷ್ಟು ಕರಗಿಸಿ, ಹಲಗೆ ಹಸಿಯಿರುವಾಗಲೇ ತೊಟ್ಟಿಯಲ್ಲಿ ಮುಳುಗಿಸಿ. ಈ ಮದ್ದು ಮಳೆಯಲ್ಲಿ ತೊಳೆದುಹೋಗುವುದರಿಂದ ಸೂರು ಗೋಡೆಯಿಂದ ಎರಡು ಅಡಿಯಾದರೂ ಹೊರಗೆ ಚಾಚಿರಬೇಕು. ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಸಂಸ್ಥೆಯಲ್ಲಿ ಕೇಳಬಹುದು. ಗೆದ್ದಲಿಗೆ ಬೇರೆ ಉಪಾಯ ಬೇಕು. ಕೋಣೆಯನ್ನು ಎರಡು ಅಡಿ ಎತ್ತರದ ಕಲ್ಲುಕಂಬಗಳ ಮೇಲೆ ಕೂರಿಸಿ, ಕಲ್ಲಿಗೂ ತೊಲೆಗೂ ನಡುವೆ ಸುತ್ತಲೂ ಎರಡು ಅಂಗುಲ ಹೊರಚಾಚಿ ಕೆಳಕ್ಕೆ ಮಡಿಚಿದ ತಗಡಿನ ತಟ್ಟೆ ಇಡಿ. ಗೆದ್ದಲು ಅದನ್ನು ದಾಟಬೇಕಾದರೆ ಕಣ್ಣಿಗೆ ಕಾಣುವಂತೆ ಮಣ್ಣಿನ ಸುರಂಗ ಕಟ್ಟಲೇಬೇಕು, ಆಗ ಕೆರೆದು ಹಾಕಬಹುದು.

ಲಕ್ಷ್ಮಣತೀರ್ಥ ದಂಡೆ, ಹುಣಸೂರು

ಒಂದೇ ಒಂದು ಸಂದೇಹ ಉಳಿದಿದೆ ಆಚಾರಿಗಳೇ. ಎರಡು ದಿಮ್ಮಿಗಳು ನಡುವಿನಲ್ಲಿ ಒಂದು ಅಂಗುಲದಷ್ಟು ಬಾಗಿವೆ. ಅವನ್ನು ಸೌದೆಗೆ ಹಾಕಬೇಕೇ?

ನಂಜನಗೂಡು ಆಚಾರಿ

ಬೇಡ. ಬಾಗನ್ನು ಉಳಿಸಿಕೊಂಡೇ ಎರಡು ಪಕ್ಕಗಳನ್ನು ಮಾತ್ರ ಕೊಯ್ಯಿಸಿ, ಮೇಲು ಕೆಳಗಿನ ಮೈಗಳನ್ನು ಬಾಚಿಯಿಂದ ಹದ ಮಾಡಿಸಿ. ಉಬ್ಬಿದ ಬೆನ್ನು ಮೇಲಕ್ಕೆ ಬರುವಂತೆ ನಡುತೊಲೆಯಾಗಿ ಇಟ್ಟರೆ ಹೆಂಚಿನ ಭಾರಕ್ಕೆ ಅದು ಕಾಲಕ್ರಮೇಣ ಸ್ವಲ್ಪ ಇಳಿಯುತ್ತದೆ. ಒಂದು ಅಂಗುಲಕ್ಕಿಂತ ಹೆಚ್ಚು ಬಾಗಿದ್ದರೆ ಹನ್ನೆರಡು ಅಡಿಗೆ ಬಳಸದೆ, ಎರಡು ತುಂಡು ಮಾಡಿ ಜಗಲಿಯ ಗಿಡ್ಡ ಕಂಬಗಳಿಗೆ ಹಾಕಿಸಿ.